ಬೋರ್ಡ್ ಕಾಕಾನ ಕೆಂಪು ಶಾಯಿ

ಮೆಟ್ಟಿಲು ಹತ್ತಿ ಬಲಕ್ಕೆ ಹೊರಳಿದರೆ ಗೋಡೆಯ ಮೇಲೊಂದು ಬೋರ್ಡು. ಸಾಗವಾನಿ ಚೌಕಟ್ಟು, ಒಳಗೆ ಬಣ್ಣ ಮಾಸಿದ ಹಸಿರು ಬನಾತು, ಮುಂದೆ ಸರಿಸುವ ಎರಡು ಗಾಜು, ಗಾಜಿನ ನಡುವೆ ಹೆಬ್ಬೆರಳಿನಷ್ಟು ಬೀಗ. ಉತ್ತರ ಕರ್ನಾಟಕದ ವಿಶ್ವವಿದ್ಯಾಲಯವೊಂದರ ಶಿಕ್ಷಣ ವಿಭಾಗದಲ್ಲಿರುವ ಇದನ್ನು ನೋಡಲಿಕ್ಕೆಂದೇ ಬೆಳಗಿನ ಬಸ್ಸು ಹಿಡಿದು ಹೋಗಿದ್ದೆ. ಅಲ್ಲಿ ಎಂ.ಎಡ್ ಮುಗಿಸಿ ಈಗ ಪಿಎಚ್.ಡಿ ಮಾಡುತ್ತಿರುವ ಗೆಳತಿಯ ಮಗಳು ಫೋನಿನಲ್ಲಿ ಮೂರು ಸಲ ಹೇಳಿದ್ದಳು: “ಮೌಶಿ, ನಮ್ಮ ಕಾಕಾನ ಬೋರ್ಡ್ ಒಮ್ಮೆ ಬಂದು ನೋಡ್ರಿ.”

ಆ ದಿನ ಗಾಜಿನ ಹಿಂದೆ ಹದಿನೇಳು ಕಾಗದಗಳಿದ್ದವು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ವಿಚಾರ ಸಂಕಿರಣದ ಕರೆ, ಕಂಪ್ಯಾರೆಟಿವ್ ಎಜುಕೇಷನ್ ಸೊಸೈಟಿಯ ವಾರ್ಷಿಕ ಸಮ್ಮೇಳನಕ್ಕೆ ಸಾರಾಂಶ ಕಳಿಸುವ ಸೂಚನೆ, ನೆಟ್ ಪರೀಕ್ಷೆಯ ಅರ್ಜಿ, ಒಂದು ಕೊಲೊಕ್ವಿಯಂ, ಎರಡು ವೈವಾ, ಅಂದರೆ ಪಿಎಚ್.ಡಿಯ ಮೌಖಿಕ ಪರೀಕ್ಷೆ. ಬಹುಪಾಲು ಇಂಗ್ಲಿಷಿನವು, ಇಂಥ ಸುತ್ತೋಲೆಗಳಿಗೆ ಇರುವ ಒಣ ಭಾಷೆಯಲ್ಲೇ ಇದ್ದವು. ಆದರೆ ಪ್ರತಿಯೊಂದರ ಕೆಳಗೂ ಅಂಗೈ ಅಗಲದ ಬಿಳಿ ಚೀಟಿಯೊಂದನ್ನು ಟಾಚಣಿಯಿಂದ ಚುಚ್ಚಿತ್ತು. ಅದರಲ್ಲಿ ಗುಂಡಾದ ಕನ್ನಡ ಅಕ್ಷರ, ನೀಲಿ ಶಾಯಿ. ಕಡೆಯ ದಿನಾಂಕ ಮಾತ್ರ ಕೆಂಪು.

ಒಂದು ಚೀಟಿಯನ್ನು ಅಲ್ಲೇ ನಿಂತು ಬರೆದುಕೊಂಡೆ. ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ, ಅಂದರೆ ಐಸಿಎಸ್‌ಎಸ್‌ಆರ್, ನೆರವಿನಲ್ಲಿ ನಡೆಯುವ ಸಂಶೋಧನಾ ವಿಧಾನದ ತರಬೇತಿಯ ಕೆಳಗಿದ್ದದ್ದು ಅದು. “ಹತ್ತು ದಿನದ ತರಬೇತಿ. ಪಿಎಚ್.ಡಿ ನೋಂದಣಿ ಆದವರಿಗೆ ಮಾತ್ರ. ಊಟ, ವಸತಿ ಅವರೇ ಕೊಡುತ್ತಾರೆ. ಗೈಡ್ ಸಹಿ ಬೇಕು. ಗೈಡ್ ಮುಂದಿನ ವಾರ ಊರಲ್ಲಿ ಇರುವುದಿಲ್ಲ. ಸಹಿ ಶುಕ್ರವಾರದೊಳಗೆ ಮಾಡಿಸಿಕೊಳ್ಳಿರಿ.”

ಕಡೆಯ ಎರಡು ಸಾಲು ಯಾವ ಸುತ್ತೋಲೆಯಲ್ಲೂ ಇರುವುದಿಲ್ಲ. ಅವು ಕಾಕಾನವು.

ಕಾಕಾ ವಿಭಾಗಕ್ಕೆ ಬಂದದ್ದು ಹತ್ತೊಂಬತ್ತರ ಹುಡುಗನಾಗಿ, ದಿನಗೂಲಿಯ ಮೇಲೆ. ಆಮೇಲೆ ಸಿಪಾಯಿ. ಈಗ ಕಾಗದಪತ್ರದಲ್ಲಿ ಅವರ ಹುದ್ದೆಗೆ ಬೇರೆ ಹೆಸರಿದೆ, ಕೆಲಸ ಮಾತ್ರ ಅದೇ: ಬಾಗಿಲು ತೆಗೆಯುವುದು, ಟಪಾಲು ತರುವುದು, ಬೋರ್ಡು. ಓದಿದ್ದು ಎಸ್ಸೆಸ್ಸೆಲ್ಸಿ. “ಹೆಸರ ಬರೀಬ್ಯಾಡ್ರಿ ಅಕ್ಕಾರ, ಇಭಾಗದ್ದೂ ಬ್ಯಾಡ. ಬೋರ್ಡಿಂದಷ್ಟ ಬರೀರಿ” ಎಂದರು. ಅವರ ಮಾತಿನಂತೆ ಎರಡನ್ನೂ ಬಿಟ್ಟಿದ್ದೇನೆ.

ಚೀಟಿ ಬರೆಯುವ ರೂಢಿ ಹೇಗೆ ಬಂತು ಎಂದು ಕೇಳಿದೆ. ಒಂದು ವರ್ಷ ಎಂ.ಎಡ್‌ನ ಹುಡುಗನೊಬ್ಬ ಶಿಷ್ಯವೇತನದ ಅರ್ಜಿಯ ದಿನಾಂಕ ತಪ್ಪಿಸಿಕೊಂಡು ಇದೇ ಬೋರ್ಡಿನ ಮುಂದೆ ಕುಕ್ಕರಿಸಿ ಅತ್ತನಂತೆ. ಸೂಚನೆ ಮೂರು ವಾರದಿಂದ ಅವನ ಕಣ್ಣೆದುರಿಗೇ ಇತ್ತು. “ಇಂಗ್ಲಿಷ್‌ನ್ಯಾಗ ಇದ್ದದ್ದು ಇದ್ದಂಗ ಹಚ್ಚಿದ್ರ ಹುಡುಗರು ನೋಡ್ತಾರ್ರಿ, ಓದಂಗಿಲ್ಲ. ಅವತ್ತು ಸಂಜೀಕ ಪ್ರೊಫೆಸರ್ ಸರ್ ಕಡೆ ಹೋಗಿ, ಇದರಾಗ ಏನೈತಿ ಹೇಳ್ರಿ, ಕನ್ನಡದಾಗ ಬರದ ಹಚ್ತೀನಿ ಅಂದೆ.” ಅವತ್ತು ಒಂದೊಂದು ಕಾಗದದ ಅರ್ಥವನ್ನೂ ಕೇಳಿ ಬರೆದವರು ಇವತ್ತು ಯಾರನ್ನೂ ಕೇಳುವುದಿಲ್ಲ. ಸಿನಾಪ್ಸಿಸ್, ಕೋರ್ಸ್‌ವರ್ಕ್, ಆರ್‌ಎಸಿ ಎಂಬ ಮಾತೆಲ್ಲ ಅವರ ಬಾಯಲ್ಲಿ ಜೋಳ, ಶೇಂಗಾ ಎಂದಷ್ಟೇ ಸಲೀಸು.

ವಿಭಾಗದ ಚರಿತ್ರೆ ತಿಳಿಯಲು ಆ ಪ್ರೊಫೆಸರ್ ಸರ್ ಮನೆಗೇ ಹೋದೆ. ನಿವೃತ್ತರಾಗಿ ಬಹಳ ವರ್ಷವಾಗಿದೆ. ಎರಡು ಕಪ್ ಚಹಾ ಮುಗಿಯುವುದರೊಳಗೆ ಅವರು ಅರವತ್ತು ವರ್ಷ ದಾಟಿಸಿದರು. ದೇಶದಲ್ಲಿ ಎಂ.ಎಡ್ ಮೊದಲು ಶುರುವಾದದ್ದು ಮುಂಬೈ ವಿಶ್ವವಿದ್ಯಾಲಯದಲ್ಲಿ, 1936ರಲ್ಲಿ. ಶಿಕ್ಷಣ ವಿಷಯದ ಮೊದಲ ಪಿಎಚ್.ಡಿಯೂ ಅಲ್ಲಿಯದೇ, 1943ರದು. ಆಗ ಧಾರವಾಡದ ಕಾಲೇಜುಗಳೂ ಮುಂಬೈ ವಿಶ್ವವಿದ್ಯಾಲಯಕ್ಕೇ ಸೇರಿದ್ದವು. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು ಬಂದದ್ದು 1963ರಲ್ಲಿ. ಹೀಗೆ ಒಂದೊಂದೇ ಕಡೆ ಸಂಶೋಧನೆ ಬೆಳೆಯಿತು. ಆದರೆ ಪುಣೆಯಲ್ಲಿ ಯಾರು ಏನು ಮಾಡಿದ್ದಾರೆಂದು ಮೈಸೂರಿಗೆ ತಿಳಿಯುತ್ತಿರಲಿಲ್ಲ. ಈ ಕೊರತೆ ಕಂಡು ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಎಂ.ಬಿ. ಬುಚ್ ದೇಶದ ಶಿಕ್ಷಣ ಸಂಶೋಧನೆಗಳನ್ನೆಲ್ಲ ಹುಡುಕಿಸಿ, ಸಾರಾಂಶ ಬರೆಸಿ, 1974ರಲ್ಲಿ ಮೊದಲ ಸಮೀಕ್ಷೆಯ ಸಂಪುಟ ತಂದರು. ಮುಂದಿನ ಸಂಪುಟಗಳೂ ಬಂದವು. ಐದನೆಯದನ್ನು 1997ರಲ್ಲಿ ಎನ್‌ಸಿಇಆರ್‌ಟಿ ಹೊರತಂದಿತು. “ಬುಚ್ ನೋಡದೆ ವಿಷಯ ಆರಿಸಿಕೊಂಡು ಬಂದ ಹುಡುಗರನ್ನು ನಾನು ಕೂಡಿಸಿಕೊಳ್ಳುತ್ತಲೇ ಇರಲಿಲ್ಲ” ಎಂದರು ಸರ್.

ಹೊರಡುವಾಗ ಅವರು ಹೇಳಿದ ಇನ್ನೊಂದು ಮಾತು ಮನಸ್ಸಿನಲ್ಲಿ ಉಳಿಯಿತು. ಕೊಠಾರಿ ಆಯೋಗದ ಸದಸ್ಯ ಕಾರ್ಯದರ್ಶಿಯಾಗಿ, ಮುಂದೆ ಐಸಿಎಸ್‌ಎಸ್‌ಆರ್‌ನ ಮೊದಲ ಸದಸ್ಯ ಕಾರ್ಯದರ್ಶಿಯಾಗಿ ದೆಹಲಿಯಲ್ಲಿ ಕೂತ ಜೆ.ಪಿ. ನಾಯಕರು ತಮ್ಮ ಯೌವನದ ಕೆಲವು ವರ್ಷ ಧಾರವಾಡದ ಪಕ್ಕದ ಉಪ್ಪಿನ ಬೆಟಗೇರಿಯಲ್ಲಿ ಹಳ್ಳಿ ಸುಧಾರಣೆಯ ಕೆಲಸ ಮಾಡಿದವರು. ಮರಳಿ ಬಂದು ಬೋರ್ಡಿನಲ್ಲಿ ಐಸಿಎಸ್‌ಎಸ್‌ಆರ್ ಕಾಗದವನ್ನೂ ಅದರ ಕೆಳಗಿನ ಚೀಟಿಯನ್ನೂ ಮತ್ತೊಮ್ಮೆ ನೋಡಿದಾಗ, ಸುದ್ದಿ ತಾನು ಹೊರಟ ಊರಿಗೇ ಬಂದು ಮುಟ್ಟಿದಂತೆ ಅನ್ನಿಸಿತು.

ಕಾಕಾನ ಕೆಲಸ ಶುರುವಾಗುವುದು ಟಪಾಲಿನಿಂದ. ಈಗ ಹೆಚ್ಚಿನವು ಇ-ಮೇಲಿನಲ್ಲಿ ಬರುತ್ತವೆ, ಕಚೇರಿಯವರು ಅಚ್ಚು ತೆಗೆದು ಕೊಡುತ್ತಾರೆ. ಆದರೂ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ವಾರಪತ್ರಿಕೆ ‘ಯೂನಿವರ್ಸಿಟಿ ನ್ಯೂಸ್’ ಎಂದರೆ ಅವರಿಗೆ ವಿಶೇಷ ಅಕ್ಕರೆ. ದೇಶದ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ ಪಡೆದ ಪ್ರಬಂಧಗಳ ಪಟ್ಟಿ ಅದರಲ್ಲಿ ಬರುತ್ತದೆ. ಶಿಕ್ಷಣಕ್ಕೆ ಸೇರಿದ ಹೆಸರುಗಳಿಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ಆ ಪುಟವನ್ನು ಗ್ರಂಥಾಲಯದ ಮೇಜಿನ ಮೇಲೆ ತೆರೆದಿಟ್ಟು ಬರುತ್ತಾರೆ. ಈಗ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾದಲ್ಲಿ ಲಕ್ಷಗಟ್ಟಲೆ ಪ್ರಬಂಧಗಳು ಇಡಿಯಾಗಿ ಓದಲು ಸಿಗುತ್ತವೆ. ಬುಚ್ ಸಂಪುಟಗಳಿಗಾಗಿ ಸಾಲು ನಿಂತ ತಲೆಮಾರಿಗೆ ಇದೊಂದು ಪವಾಡ. ಆದರೆ ಶೋಧಗಂಗಾ ಕೇಳಿದ್ದನ್ನು ಕೊಡುತ್ತದೆ. ಏನು ಕೇಳಬೇಕೆಂದು ಇನ್ನೂ ತಿಳಿಯದ, ಮನೆತನದಲ್ಲಿ ಮೊದಲ ಸಲ ಕಾಲೇಜು ಹತ್ತಿದ ಹುಡುಗಿಗೆ ಆ ಮೇಜಿನ ಮೇಲಿನ ಕೆಂಪು ಗೆರೆ ಬೇಕು.

ಬಂದದ್ದನ್ನೆಲ್ಲ ಕಾಕಾ ಹಚ್ಚುವುದಿಲ್ಲ. ದುಡ್ಡು ಕಟ್ಟಿದರೆ ಮೂರು ದಿನದಲ್ಲಿ ಪ್ರಬಂಧ ಛಾಪಿಸಿಕೊಡುತ್ತೇವೆ ಎನ್ನುವ ‘ಅಂತರರಾಷ್ಟ್ರೀಯ’ ಪತ್ರಿಕೆಗಳ ಬಣ್ಣದ ಕರಪತ್ರಗಳು ಅವರ ಮೇಜಿನ ಕೆಳಗಿನ ರಟ್ಟಿನ ಡಬ್ಬಿಗೆ ಹೋಗುತ್ತವೆ. ಯಾವುದು ಒಳ್ಳೆಯದು ಎಂಬ ಅನುಮಾನ ಬಂದರೆ ಯಾರಾದರೂ ಪ್ರಾಧ್ಯಾಪಕರಿಗೆ ತೋರಿಸುತ್ತಾರೆ. ಇಂಥ ಪತ್ರಿಕೆಗಳನ್ನು ಸೋಸಲೆಂದು 2019ರಲ್ಲಿ ಬಂದ, ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ‘ಯುಜಿಸಿ-ಕೇರ್’ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಟ್ಟು, ಆ ಹೊಣೆಯನ್ನು ಸಂಸ್ಥೆಗಳಿಗೇ ವಹಿಸಲಾಯಿತು. ದೊಡ್ಡ ಜರಡಿ ಹೋದ ಮೇಲೆ ಕಾಕಾನ ರಟ್ಟಿನ ಡಬ್ಬಿಯಂಥ ಸಣ್ಣ ಜರಡಿಗಳ ಮೇಲೆ ಎಷ್ಟು ಭಾರ ಬಿದ್ದಿದೆ ಎಂಬುದನ್ನು ವಿಶ್ವವಿದ್ಯಾಲಯಗಳು ಯೋಚಿಸಬೇಕು.

2024ರ ಜೂನ್ 18ರಂದು ನಡೆದ ನೆಟ್ ಪರೀಕ್ಷೆ ಮರುದಿನವೇ ರದ್ದಾಯಿತಲ್ಲ, ಆ ಸುದ್ದಿಯನ್ನು ಕಾಕಾ ರಾತ್ರಿ ಟಿವಿಯಲ್ಲಿ ಕೇಳಿದರು. ಬೆಳಿಗ್ಗೆ ಬೇಗ ಬಂದು ಬೋರ್ಡಿನ ನಟ್ಟನಡುವೆ ಒಂದೇ ಚೀಟಿ ಹಚ್ಚಿದರು: “ಪರೀಕ್ಷೆ ರದ್ದಾಗಿದೆ. ಓದಿದ್ದು ರದ್ದಾಗಿಲ್ಲ. ಹೊಸ ದಿನಾಂಕ ಬಂದ ಕೂಡಲೇ ಹಚ್ಚುತ್ತೇನೆ.” ಆಗಸ್ಟ್ 21ರಿಂದ ಮತ್ತೆ ಪರೀಕ್ಷೆ ಶುರುವಾಗುವವರೆಗೆ ಆ ಚೀಟಿಯನ್ನು ತೆಗೆಯಲಿಲ್ಲ. ನನ್ನ ಗೆಳತಿಯ ಮಗಳ ಫೋನಿನಲ್ಲಿ ಅದರ ಫೋಟೊ ಈಗಲೂ ಇದೆ.

ಬೋರ್ಡಿನ ಕೆಳಗಿನ ಬಲ ಮೂಲೆಯಲ್ಲಿ ಎಂದೂ ಬದಲಾಗದ ಒಂದು ಕಾಗದವಿದೆ. ಅಂಚೆಲ್ಲ ಹಳದಿಯಾಗಿದೆ, ಮೇಲೆ ‘ಕಾಯಂ’ ಎಂದು ಬರೆದಿದೆ. ಪಿಎಚ್.ಡಿ ಮಾಡುವ ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚಿನ ಕಾಲಾವಕಾಶ ಇದೆ, ಇಡೀ ಅವಧಿಯಲ್ಲಿ ಒಮ್ಮೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನೆ ರಜೆ ಇದೆ ಎಂಬ ಯುಜಿಸಿ ನಿಯಮವನ್ನು ಅದರಲ್ಲಿ ನಾಲ್ಕು ಸಾಲಿನಲ್ಲಿ ಬಿಡಿಸಿ ಹೇಳಿದೆ. ಹಾವೇರಿ ಕಡೆಯ ಸಂಶೋಧಕಿಯೊಬ್ಬಳು ಹೆರಿಗೆಗೆ ತವರಿಗೆ ಹೋದವಳು ಇನ್ನು ತನ್ನ ನೋಂದಣಿ ಮುಗಿದೇ ಹೋಯಿತೆಂದು ಬರುವುದನ್ನೇ ಬಿಟ್ಟಿದ್ದಳು. ಒಂದು ದಿನ ಗ್ರಂಥಾಲಯದ ಪುಸ್ತಕ ಮರಳಿಸಲು ಕೂಸನ್ನು ಎತ್ತಿಕೊಂಡು ಬಂದಳು. ಕಾಕಾ ಮಾತಾಡದೆ ಆಕೆಯನ್ನು ಬೋರ್ಡಿನ ಆ ಮೂಲೆಗೆ ಕರೆದೊಯ್ದು ನಿಲ್ಲಿಸಿದರು. ಆಕೆ ಓದುವವರೆಗೆ ಕೂಸು ಕಾಕಾನ ತೋಳಿನಲ್ಲಿತ್ತು.

ಈ ಕತೆ ಕೇಳಿ ನನಗೆ ನನ್ನದೇ ದಿನಗಳು ನೆನಪಾದವು. ನಾನು ಓದಿದ ಕಾಲೇಜಿನಲ್ಲೂ ಬೋರ್ಡು ಇತ್ತು, ಅದರ ಬೀಗದ ಕೈ ಯಾರ ಬಳಿ ಇದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಸಂಶೋಧನೆಗೆ ಸೇರಲು ಇದ್ದ ಒಂದು ಪ್ರವೇಶ ಪರೀಕ್ಷೆಯ ಸುದ್ದಿ ನನಗೆ ತಿಳಿದದ್ದು ಪರೀಕ್ಷೆ ಮುಗಿದ ಹನ್ನೊಂದನೆಯ ದಿನ. ಮುಂದಿನ ವರ್ಷ ಬರೆಯಬಹುದಿತ್ತು, ನಿಜ. ಆ ಮುಂದಿನ ವರ್ಷದಲ್ಲಿ ಅಪ್ಪನ ಆರೋಗ್ಯ ಕೆಟ್ಟಿತು, ನೌಕರಿ ಬೇಕಾಯಿತು. ಒಂದು ಚೀಟಿಯ ಬೆಲೆ ನನಗೆ ಗೊತ್ತು.

ಈಗ ವಾಟ್ಸ್ಯಾಪ್ ಗುಂಪುಗಳಿವೆ. ಸುದ್ದಿ ಕ್ಷಣದಲ್ಲಿ ಬರುತ್ತದೆ. ಸಂಜೆಯೊಳಗೆ ಹುಟ್ಟುಹಬ್ಬದ ಹಾರೈಕೆ, ಶುಭೋದಯ, ಫಾರ್ವರ್ಡ್‌ಗಳ ಅಡಿಯಲ್ಲಿ ಹೂತುಹೋಗಿರುತ್ತದೆ. ಬೋರ್ಡಿನ ಮೇಲೆ ಹದಿನೇಳೇ ಜಾಗ. ಹೊಸದಕ್ಕೆ ಜಾಗ ಬೇಕಾದರೆ ಹಳೆಯದನ್ನು ಯಾರಾದರೂ ಓದಿ, ತೂಗಿ, ತೆಗೆಯಬೇಕು. ಹಾಗೆ ತೂಗುವ ಕೈಯನ್ನು ಸಾಕುವ ಖರ್ಚು ವಿಶ್ವವಿದ್ಯಾಲಯಕ್ಕೆ ಬಹಳ ದೊಡ್ಡದೇನೂ ಆಗಲಾರದು. ಕಾಕಾ ಬರುವ ವರ್ಷ ನಿವೃತ್ತರಾಗುತ್ತಾರೆ. ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲವೆಂದು ಈಗಲೇ ಕೇಳಿಬರುತ್ತಿದೆ. ಬೋರ್ಡಿನ ಜಾಗದಲ್ಲಿ ಟಿವಿ ಪರದೆ ಬರುತ್ತದಂತೆ.

ಮಧ್ಯಾಹ್ನ ಎರಡೂವರೆಗೆ ಒಂದು ವೈವಾ ಇತ್ತು. ಪ್ರಬಂಧ ಸಲ್ಲಿಸುವ ಮುಂಚಿನ ಮಂಡನೆಗೂ, ಕೊನೆಯ ವೈವಾಕ್ಕೂ ವಿಭಾಗದ ಇತರ ಸಂಶೋಧಕರು ಬಂದು ಕೂಡಬಹುದು, ಕೇಳಬಹುದು ಎಂದು ಯುಜಿಸಿ ನಿಯಮವೇ ಹೇಳುತ್ತದೆ. ಎಂ.ಎಡ್ ಹುಡುಗರಿಗೆ ಸಂಶೋಧನೆ ಎಂದರೇನು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ. ಹಾಗಾಗಿಯೇ ವೈವಾದ ಕಾಗದಕ್ಕೆ ಬೋರ್ಡಿನಲ್ಲಿ ಎಡ ತುದಿಯ ಮೇಲಿನ ಜಾಗ, ಚೀಟಿಯ ಕೊನೆಗೆ ಯಾವಾಗಲೂ ಒಂದೇ ಸಾಲು: “ಎಲ್ಲರೂ ಬರ್ರಿ. ಬಾಗಿಲು ತೆರೆದಿರುತ್ತದೆ.”

ಅಂದಿನ ಸಂಶೋಧಕಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ವಿಷಯ ನಲಿಕಲಿ ತರಗತಿಗಳದು. ಒಂದು, ಎರಡು, ಮೂರನೇ ಇಯತ್ತೆಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಕಲಿಯುವಾಗ ಓದು ಹೇಗೆ ಮುಂದೆ ಸಾಗುತ್ತದೆ ಎಂಬುದು. ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆಗೆ ಆಕೆಯ ದನಿ ನಡುಗಿತು. ಮೂರನೆಯ ಪ್ರಶ್ನೆಗೆ ಆಕೆ ಪುಟ ತಿರುವುವುದನ್ನು ಬಿಟ್ಟು ತನ್ನ ಶಾಲೆಯ ಒಬ್ಬ ಹುಡುಗನ ಬಗ್ಗೆ ಹೇಳತೊಡಗಿದಳು. ಕಾರ್ಡು ಹಿಡಿದು ಓದಲಾರದವನು ಪಕ್ಕದಲ್ಲಿದ್ದ ಚಿಕ್ಕ ತಂಗಿಗೆ ಕಲಿಸಲು ಹೋಗಿ ತಾನೇ ಓದಲು ಕಲಿತದ್ದು. ಕೋಣೆ ಸ್ತಬ್ಧವಾಯಿತು. ಹಿಂದಿನ ಸಾಲಿನಲ್ಲಿ ಆಕೆಯ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಎಂ.ಎಡ್ ಮೊದಲ ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು, ಅಂಜುತ್ತ ಅಂಜುತ್ತ, ಕನ್ನಡದಲ್ಲೇ ಒಂದು ಪ್ರಶ್ನೆ ಕೇಳಿದಳು. ಪರೀಕ್ಷಕರು ಅದನ್ನು ಬರೆದುಕೊಂಡರು.

ಕಾಕಾ ಅಷ್ಟೂ ಹೊತ್ತು ಬಾಗಿಲಿನ ಬಳಿ ನಿಂತಿದ್ದರು. ಎಲ್ಲ ಮುಗಿದು ಪೇಢೆ ಹಂಚಿದ ಮೇಲೆ ತಮ್ಮ ಮೇಜಿನ ಸೆಳೆಖಾನೆಯಿಂದ ಉದ್ದನೆಯ ರಿಜಿಸ್ಟರ್ ತೆಗೆದರು. ರಟ್ಟು ಹರಿದು, ಡಿಂಕ ಹಚ್ಚಿ, ಮತ್ತೆ ಹರಿದಿತ್ತು. ಕಾಕಾ ಬಂದಾಗಿನಿಂದ ಆ ಕಟ್ಟಡದಲ್ಲಿ ನಡೆದ ವೈವಾಗಳೆಲ್ಲ ಅದರಲ್ಲಿವೆ. ಯಾರೂ ಅವರಿಗೆ ಇದನ್ನು ಬರೆಯಲು ಹೇಳಿದ್ದಲ್ಲ. ತಾರೀಖು, ಹೆಸರು, ವಿಷಯ, ಕೊನೆಯ ಅಂಕಣಕ್ಕೆ ‘ಬಂದವರು’ ಎಂಬ ತಲೆಬರಹ. ಮೊದಲ ಪುಟಗಳಲ್ಲಿ ಆ ಅಂಕಣದ ತುಂಬ ಮೂವತ್ತು, ನಲವತ್ತರ ಅಂಕಿಗಳು. ಪುಟ ತಿರುವಿದಂತೆ ಇಳಿಯುತ್ತ ಹೋಗುತ್ತವೆ.

ಅಂದಿನ ಸಾಲಿಗೆ ಕಾಕಾ ಹನ್ನೊಂದು ಎಂದು ಬರೆದರು. ಬರೆದು ತಲೆಯೆತ್ತಿ ನನ್ನನ್ನು ನೋಡಿದರು.

“ನೀವೂ ಕೂತಿದ್ರೆಲ್ಲ ಅಕ್ಕಾರ?”

ಹೌದೆಂದೆ. ಹನ್ನೊಂದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹನ್ನೆರಡು ಎಂದು ಬರೆದು, ಶಾಯಿ ಆರಲೆಂದು ರಿಜಿಸ್ಟರನ್ನು ತೆರೆದೇ ಇಟ್ಟರು.