ವೋಟರ್ ಐಡಿ ಇದ್ದರೆ ನೇಪಾಳ ದೂರವಲ್ಲ

ನಮ್ಮ ಬೀದರ್ ಜಿಲ್ಲೆಯ ಕೊಹಿನೂರ ಹೋಬಳಿಯ ಯಾವ ಮನೆಯ ಟ್ರಂಕು ತೆಗೆದರೂ ರೇಷನ್ ಕಾರ್ಡು, ಪಹಣಿಗಳ ನಡುವೆ ಒಂದು ವೋಟರ್ ಐಡಿ ಸಿಕ್ಕೇ ಸಿಗುತ್ತದೆ. ಚುನಾವಣೆ ಬಂದಾಗಷ್ಟೇ ಹೊರಬರುವ ಆ ಕಾರ್ಡು ಹಿಡಿದು ಎರಡು ದೇಶ ನೋಡಿ ಬರಬಹುದು. ನೇಪಾಳಕ್ಕಾಗಲಿ ಭೂತಾನಕ್ಕಾಗಲಿ ಹೋಗಲು ನಮಗೆ ವೀಸಾ ಬೇಡ, ಪಾಸ್‌ಪೋರ್ಟೂ ಕಡ್ಡಾಯವಲ್ಲ. ವೀಸಾ ಇಲ್ಲದ ವಿದೇಶ ಎಂದೊಡನೆ ಈಗ ಎಲ್ಲರ ಬಾಯಲ್ಲೂ ಬ್ಯಾಂಕಾಕ್, ಕ್ವಾಲಾಲಂಪುರ. ಬಸವಕಲ್ಯಾಣ, ಹುಮನಾಬಾದ್ ಕಡೆಯವರು ಮೊದಲು ನೋಡಬೇಕಾದ್ದು ನೇಪಾಳ ಎಂಬುದು ನನ್ನ ವಾದ. ಖರ್ಚು ಕಡಿಮೆ ಎಂದು ಹೇಳುತ್ತಿಲ್ಲ. ನಮ್ಮ ಕಡೆಯವರು ಅಲ್ಲಿ ಒಂದು ರಾಜ್ಯವನ್ನೇ ಕಟ್ಟಿದ್ದರು.

ಬಿಹಾರದ ರಕ್ಸೌಲ್ ದಾಟಿದರೆ ನೇಪಾಳದ ಬೀರ್‌ಗಂಜ್. ಅದರಾಚೆ ಬಾರಾ ಜಿಲ್ಲೆಯಲ್ಲಿ, ಗಡಿಗೆ ಅಂಟಿಕೊಂಡಂತೆ ಸಿಮ್ರೌನ್‌ಗಢ ಎಂಬ ಊರಿದೆ. 1097ರಲ್ಲಿ ನಾನ್ಯದೇವ ಎಂಬ ದೊರೆ ಅಲ್ಲಿ ರಾಜಧಾನಿ ಮಾಡಿಕೊಂಡು ಮಿಥಿಲೆಯನ್ನು ಆಳತೊಡಗಿದ. ಅವನ ವಂಶಕ್ಕೆ ಇತಿಹಾಸದಲ್ಲಿರುವ ಹೆಸರು ಕರ್ಣಾಟ ವಂಶ. ಆಗ ಇತ್ತ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಳ್ವಿಕೆ. 1076ರಲ್ಲಿ ಪಟ್ಟವೇರಿ ತನ್ನ ಹೆಸರಿನದೇ ಶಕೆ ಆರಂಭಿಸಿದವನು ಆತ. ಯುವರಾಜನಾಗಿದ್ದಾಗ ಅವನು ಗೌಡ, ಕಾಮರೂಪಗಳವರೆಗೆ ದಂಡೆತ್ತಿ ಹೋಗಿದ್ದನೆಂದು ಅವನ ಆಸ್ಥಾನದ ಕವಿ ಬಿಲ್ಹಣ ಬರೆದಿದ್ದಾನೆ. ಆಸ್ಥಾನಕವಿ ಹೊಗಳಿದ್ದನ್ನೆಲ್ಲ ನಂಬಬೇಕಿಲ್ಲ. ಆದರೆ ಚಾಲುಕ್ಯರ ಉತ್ತರದ ದಂಡಯಾತ್ರೆಗಳ ಜೊತೆ ಹೋದ ಕನ್ನಡ ನಾಡಿನ ಸೇನಾನಿಗಳು ಅಲ್ಲೇ ಬೇರೂರಿದರು, ಮಿಥಿಲೆಯ ಕರ್ಣಾಟರೂ ಬಂಗಾಳದ ಸೇನರೂ ಅಂಥವರ ಪೀಳಿಗೆ ಎಂದು ಅನೇಕ ಇತಿಹಾಸಕಾರರು ಹೇಳುತ್ತಾರೆ. ನಾನ್ಯದೇವ ಬರೀ ಕತ್ತಿ ಹಿಡಿದವನಲ್ಲ. ನಾಟ್ಯಶಾಸ್ತ್ರಕ್ಕೆ ಬರೆದ ‘ಭರತಭಾಷ್ಯ’ ಅವನ ಹೆಸರಿನಲ್ಲಿದೆ.

1324ರ ಸುಮಾರಿಗೆ ಘಿಯಾಸುದ್ದೀನ್ ತುಘಲಕ್ ಸಿಮ್ರೌನ್‌ಗಢವನ್ನು ಮುರಿದ. ಕೊನೆಯ ದೊರೆ ಹರಿಸಿಂಹದೇವ ನೇಪಾಳದ ಬೆಟ್ಟಗಳತ್ತ ಓಡಿದ. ಮುಂದೆ ಕಠ್ಮಂಡು ಕಣಿವೆಯ ಮಲ್ಲ ರಾಜರು ತಮ್ಮನ್ನು ಆ ಕರ್ಣಾಟ ವಂಶದವರೆಂದೇ ಹೇಳಿಕೊಂಡರು. ಕೋಟೆಯ ಮಣ್ಣಿನ ದಿಬ್ಬಗಳು, ಒಡೆದ ಶಿಲ್ಪಗಳು ಇಂದಿಗೂ ಅಲ್ಲಿವೆ. ಬಸವಕಲ್ಯಾಣದ ಕೋಟೆ ನೋಡಿ ಬೆಳೆದವರು ಅಲ್ಲಿ ನಿಂತರೆ ಏನೂ ಅನ್ನಿಸದೆ ಇರದು. ಕಠ್ಮಂಡುವಿನ ಪಶುಪತಿನಾಥನ ಪೂಜೆಯಂತೂ ತಲೆಮಾರುಗಳಿಂದ ದಕ್ಷಿಣದ ಭಟ್ಟರದ್ದೇ, ಅದರಲ್ಲೂ ಕರಾವಳಿ ಕರ್ನಾಟಕದವರದ್ದು. 2009ರಲ್ಲಿ ಅಲ್ಲಿನ ಸರ್ಕಾರ ಅವರನ್ನು ಬದಲಿಸಹೊರಟು ದೊಡ್ಡ ಗದ್ದಲವೇ ಆಗಿ, ಕೊನೆಗೆ ಭಟ್ಟರೇ ಉಳಿದರು.

ಹುಮನಾಬಾದಿನಿಂದ ಹೆದ್ದಾರಿ ಹಿಡಿದು ಜಹೀರಾಬಾದ್ ಮೇಲೆ ಹೈದರಾಬಾದ್ ಸೇರಿದರೆ ಅಲ್ಲಿಂದ ರಕ್ಸೌಲ್‌ಗೆ ನೇರ ರೈಲಿದೆ, ವಿಮಾನವಾದರೆ ದೆಹಲಿ ಮೇಲೆ ಕಠ್ಮಂಡು. 1950ರ ಜುಲೈ 31ರ ಭಾರತ–ನೇಪಾಳ ಒಪ್ಪಂದವೇ ಈ ಮುಕ್ತ ಓಡಾಟಕ್ಕೆ ಆಧಾರ. ಆದರೆ ಬಹಳ ಜನ ಎಡವುವುದು ಆಧಾರ್ ವಿಷಯದಲ್ಲಿ. ವಿಮಾನದಲ್ಲಿ ನೇಪಾಳಕ್ಕೆ ಹೋಗುವ 15ರಿಂದ 65 ವರ್ಷದೊಳಗಿನವರಿಗೆ ಆಧಾರ್ ನಡೆಯುವುದಿಲ್ಲ. ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ, ಅದೂ ಅಸಲಿಯೇ ಬೇಕು. ಭೂತಾನದಲ್ಲಿ ವೀಸಾ ಇಲ್ಲದಿದ್ದರೂ ಪರ್ಮಿಟ್ ಮಾಡಿಸಬೇಕು. 2022ರಿಂದ ಭಾರತೀಯ ವಯಸ್ಕರಿಗೆ ರಾತ್ರಿಯೊಂದಕ್ಕೆ 1,200 ರೂಪಾಯಿ ಶುಲ್ಕವೂ ಇದೆ.

ಬೀದರ್ ಜಿಲ್ಲೆಯವರ ಮನಸ್ಸಿಗೆ ಹತ್ತಿರದ ಇನ್ನೊಂದು ವೀಸಾ ಇಲ್ಲದ ದಾರಿ ಇತ್ತು. ಗುರು ನಾನಕರು ನೀರು ಚಿಮ್ಮಿಸಿದರೆಂದು ಭಕ್ತರು ನಂಬುವ ನಾನಕ್ ಝೀರಾ ಬೀದರಿನಲ್ಲಿದ್ದರೆ, ಅವರು ಕೊನೆಯ ವರ್ಷಗಳನ್ನು ಕಳೆದ ಕರ್ತಾರ್‌ಪುರ ಪಾಕಿಸ್ತಾನದಲ್ಲಿದೆ. 2019ರ ನವೆಂಬರ್ 9ರಂದು ಕಾರಿಡಾರ್ ತೆರೆದಾಗ ಪಂಜಾಬಿನ ಡೇರಾ ಬಾಬಾ ನಾನಕ್‌ನಿಂದ ಬೆಳಿಗ್ಗೆ ಹೋಗಿ ಸಂಜೆಯೊಳಗೆ ಮರಳಬಹುದಿತ್ತು. ವೀಸಾ ಬೇಕಿರಲಿಲ್ಲ, ಆದರೆ ಪಾಸ್‌ಪೋರ್ಟ್ ಬೇಕಿತ್ತು, ಮೊದಲೇ ನೋಂದಣಿಯಾಗಬೇಕಿತ್ತು, ಪಾಕಿಸ್ತಾನಕ್ಕೆ 20 ಡಾಲರ್ ಕಟ್ಟಬೇಕಿತ್ತು. 2024ರಲ್ಲಿ ಕಾರಿಡಾರ್ ಒಪ್ಪಂದ ಇನ್ನೈದು ವರ್ಷಕ್ಕೆ ಮುಂದುವರಿಯಿತು. 2025ರ ಮೇ 7ರಂದು, ‘ಆಪರೇಷನ್ ಸಿಂಧೂರ’ದ ದಿನವೇ, ಭಾರತ ಆ ಯಾತ್ರೆಯನ್ನು ನಿಲ್ಲಿಸಿತು. ವೀಸಾ ವಿನಾಯಿತಿ ಯಾರ ಹಕ್ಕೂ ಅಲ್ಲ, ಸರ್ಕಾರಗಳ ಮರ್ಜಿ.

ಇನ್ನು ಬ್ಯಾಂಕಾಕ್, ಕ್ವಾಲಾಲಂಪುರದ ಮಾತು. ಮಲೇಷ್ಯಾ 2023ರ ಡಿಸೆಂಬರ್‌ನಿಂದ ನಮಗೆ 30 ದಿನ ವೀಸಾ ಇಲ್ಲದೆ ಪ್ರವೇಶ ಕೊಟ್ಟಿತು, ಥಾಯ್ಲೆಂಡ್ 2024ರ ಜುಲೈನಲ್ಲಿ ತನ್ನ ವೀಸಾ ವಿನಾಯಿತಿಯನ್ನು 60 ದಿನಕ್ಕೇರಿಸಿತು. ಸುತ್ತಾಡಲು ಹೋಗುವವರು ಹೋಗಿಬರಲಿ. ನನ್ನ ಆತಂಕ ಬೇರೆ. ಊರಲ್ಲಿ ಕೆಲಸವಿಲ್ಲದೆ ಪುಣೆ, ಮುಂಬೈ, ಗಲ್ಫ್ ಎಂದು ಹೊರಡುವ ಹುಡುಗರು ನಮ್ಮಲ್ಲಿ ಬಹಳ. ‘ವೀಸಾನೇ ಬೇಡ, ಟಿಕೆಟ್ ತಗೊಂಡು ಬಾ’ ಎನ್ನುವ ಏಜೆಂಟ್ ಬಲೆ ಬೀಸುವುದು ಇಂಥವರಿಗೇ. ಕೆಲಸದ ಆಸೆಗೆ ಥಾಯ್ಲೆಂಡ್ ಕಡೆ ಹೋಗಿ ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆ ಕೇಂದ್ರಗಳಲ್ಲಿ ಸಿಕ್ಕಿಬಿದ್ದ ಐನೂರಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ಕರೆತಂದವು. ಇರಾನ್‌ಗೂ ವೀಸಾ ವಿನಾಯಿತಿ ಇತ್ತು. ಕೆಲಸದ ಆಮಿಷಕ್ಕೆ ಹೋದವರನ್ನು ಒತ್ತೆಯಿಟ್ಟು ಹಣ ಕೇಳಿದ ಪ್ರಕರಣಗಳಾದ ಮೇಲೆ 2025ರ ನವೆಂಬರ್ 22ರಿಂದ ಅದು ರದ್ದಾಯಿತು.

ವೀಸಾ ಇಲ್ಲದ ಪ್ರವೇಶ ಪ್ರವಾಸಕ್ಕೆ ಮಾತ್ರ, ದುಡಿಮೆಗಲ್ಲ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಷನ್ ತಪಾಸಣೆ ಅಗತ್ಯ) ವರ್ಗಕ್ಕೆ ಸೇರುತ್ತದೆ. ಅಂಥವರು ದುಡಿಯಲು 18 ದೇಶಗಳಿಗೆ ಹೋಗಬೇಕಾದರೆ ಎಮಿಗ್ರೇಷನ್ ಅನುಮತಿ ಪಡೆಯಬೇಕು. ಆ ಪಟ್ಟಿಯಲ್ಲಿ ಗಲ್ಫ್ ದೇಶಗಳ ಜೊತೆ ಥಾಯ್ಲೆಂಡ್, ಮಲೇಷ್ಯಾ ಕೂಡ ಇವೆ. ಏಜೆಂಟ್ ನೋಂದಾಯಿತನೋ ಅಲ್ಲವೋ ಎಂಬುದನ್ನು ಕೇಂದ್ರ ಸರ್ಕಾರದ ಇ–ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನಿಯಮದ ಪ್ರಕಾರ ಅವನು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷ ಕೇಳುವವನಿಗೆ ಹೊಲ ಅಡವಿಟ್ಟು ದುಡ್ಡು ಕೊಡಬೇಡಿ.