ಕನ್ನಡ ವಿಳಾಸದ ಇಮೇಲ್ ಎಲ್ಲಿ ಸಿಕ್ಕಿಕೊಳ್ಳುತ್ತದೆ?

ಗಂಗಾವತಿ ತಾಲ್ಲೂಕಿನ ಮರಳಿಯ ಅಕ್ಕಿ ವ್ಯಾಪಾರಿಯೊಬ್ಬರು ‘ಅಂಗಡಿ@ಮರಳಿ.ಭಾರತ’ ಎಂಬಂಥ ಇಮೇಲ್ ವಿಳಾಸ ಮಾಡಿಸಿಕೊಂಡರು ಎಂದಿಟ್ಟುಕೊಳ್ಳೋಣ. ಕನ್ನಡ ಲಿಪಿಯ ‘.ಭಾರತ’ ಡೊಮೈನ್ ಇದೆ. ಇಂಥ ವಿಳಾಸಗಳಿಗೆ ಬೇಕಾದ ಅಂತರರಾಷ್ಟ್ರೀಯ ನಿಯಮಗಳು 2012ರಲ್ಲೇ ಸಿದ್ಧವಾಗಿವೆ. ಆದರೂ ಅವರು ಕಳಿಸಿದ ದರಪಟ್ಟಿ ಎಲ್ಲ ಗಿರಾಕಿಗಳಿಗೂ ಮುಟ್ಟುತ್ತದೆಂಬ ಖಾತರಿಯಿಲ್ಲ.

ಇಮೇಲ್ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತದೆ. ಪತ್ರ ಒಪ್ಪಿಸುವ ಮೊದಲು ಎರಡೂ ಮಾತಾಡಿಕೊಳ್ಳುತ್ತವೆ; ತನಗೆ ಏನೇನು ಬರುತ್ತದೆಂದು ಎದುರಿನ ಸರ್ವರ್ ಪಟ್ಟಿ ಕೊಡುತ್ತದೆ. ಅದರಲ್ಲಿ ‘ಎಸ್‌ಎಂಟಿಪಿಯುಟಿಎಫ್8’ ಎಂಬ ಸಾಮರ್ಥ್ಯ ಇಲ್ಲದಿದ್ದರೆ ಕನ್ನಡ ವಿಳಾಸದ ಪತ್ರ ಕಳಿಸಿದವರಿಗೇ ವಾಪಸು. ಡೊಮೈನ್ ಹೆಸರನ್ನು ತೆರೆಮರೆಯಲ್ಲಿ ರೋಮನ್ ಅಕ್ಷರಗಳಿಗೆ ತಿರುಗಿಸುವ ಉಪಾಯವಿದೆ. @ ಗುರುತಿನ ಹಿಂದಿರುವ ‘ಅಂಗಡಿ’ಗೆ ಆ ದಾರಿಯೂ ಇಲ್ಲ.

ಜಗತ್ತಿನಲ್ಲಿ ಬಹಳ ಬಳಕೆಯಲ್ಲಿರುವ ಮೇಲ್ ಸರ್ವರ್‌ಗಳಲ್ಲಿ ಪೋಸ್ಟ್‌ಫಿಕ್ಸ್ ಒಂದು. ವೀಟ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ಬರೆದ ಈ ತಂತ್ರಾಂಶ 1998ರಲ್ಲಿ ಹೊರಬಂತು. ಕನ್ನಡದಂಥ ಲಿಪಿಗಳ ವಿಳಾಸವನ್ನು ಅದು ಒಪ್ಪತೊಡಗಿದ್ದು 2015ರ ಫೆಬ್ರುವರಿಯಲ್ಲಿ ಬಂದ 3.0 ಆವೃತ್ತಿಯಿಂದ. ಅದೇ ವರ್ಷದ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 8 ಲಿನಕ್ಸ್‌ನ ಪ್ಯಾಕೇಜ್ ಸಂಗ್ರಹದಲ್ಲಿ ಇದ್ದದ್ದು ಮಾತ್ರ ಹಳೆಯ 2.11. ಸಂಗ್ರಹಕ್ಕೆ ಹೊಸದನ್ನು ಸೇರಿಸುವುದನ್ನು ಹಿಂದಿನ ನವೆಂಬರ್‌ನಲ್ಲೇ ನಿಲ್ಲಿಸಲಾಗಿತ್ತು. ಇನ್ನೊಂದು ಲಿನಕ್ಸ್ ಆದ 2014ರ ಸೆಂಟ್‌ಒಎಸ್ 7ರಲ್ಲಿದ್ದದ್ದು ಇನ್ನೂ ಹಳೆಯ 2.10. ಆ ವ್ಯವಸ್ಥೆಗೆ 2024ರ ಜೂನ್‌ವರೆಗೂ ಬೆಂಬಲವಿತ್ತು!

ಹೀಗೆ ಹಳೆಯದನ್ನೇ ಉಳಿಸಿಕೊಳ್ಳುವುದು ಸೋಮಾರಿತನವಲ್ಲ. ಆಸ್ಪತ್ರೆ, ಕಾಲೇಜು, ಬ್ಯಾಂಕುಗಳ ಸರ್ವರ್ ನಡೆಸುವವರಿಗೆ ಬೇಕಾದದ್ದು ನೆಚ್ಚಿಕೆ: ಇವತ್ತು ಹೊಂದಿಸಿದ್ದು ಐದು ವರ್ಷ ಹಾಗೇ ನಡೆಯಬೇಕು. ಅದಕ್ಕಾಗಿ ಸಂಗ್ರಹದ ನಿರ್ವಾಹಕರು ಆವೃತ್ತಿಯನ್ನು ಬದಲಿಸದೆ, ಹೊಸದರಲ್ಲಿ ಕಂಡ ಭದ್ರತಾ ದೋಷದ ಪರಿಹಾರವನ್ನಷ್ಟೇ ಹಳೆಯದಕ್ಕೆ ತೇಪೆ ಹಾಕುತ್ತಾರೆ. ಸಾಲುಸಾಲು ಕೋಡ್ ಓದಿ, ಹಳೆಯ ರಚನೆಗೆ ಹೊಂದಿಸಿ, ಪರೀಕ್ಷಿಸುವ ಈ ಕೆಲಸ ಹೊರಗೆ ಯಾರಿಗೂ ಕಾಣುವುದಿಲ್ಲ.

2023ರ ಡಿಸೆಂಬರ್‌ನಲ್ಲಿ ಅದರ ಬೆಲೆ ತಿಳಿಯಿತು. ಒಂದು ಪತ್ರ ಎಲ್ಲಿ ಮುಗಿಯಿತು ಎಂಬುದನ್ನು ಎರಡು ಸರ್ವರ್‌ಗಳು ಬೇರೆಬೇರೆಯಾಗಿ ಅರ್ಥಮಾಡಿಕೊಂಡರೆ, ಅದರ ಹೊಟ್ಟೆಯೊಳಗೆ ಬೇರೊಬ್ಬರ ಹೆಸರಿನ ಖೋಟಾ ಪತ್ರ ತೂರಿಸಬಹುದೆಂದು ಎಸ್‌ಇಸಿ ಕನ್ಸಲ್ಟ್ ಸಂಸ್ಥೆ ಬಯಲು ಮಾಡಿತು. ಪೋಸ್ಟ್‌ಫಿಕ್ಸ್ ತಂಡ ಅದೇ ತಿಂಗಳು 3.8.4, 3.7.9, 3.6.13, 3.5.23 ಎಂದು ನಾಲ್ಕು ಸಾಲಿನ ಆವೃತ್ತಿಗಳಿಗೂ ಪರಿಹಾರ ಕೊಟ್ಟಿತು. ಇದರಲ್ಲಿ 3.7.9 ಡೆಬಿಯನ್ 12ರ ಬಳಕೆದಾರರಿಗೆ, 3.5.23 ಡೆಬಿಯನ್ 11ರವರಿಗೆ ತಲುಪಿತು. ಒಂದೇ ಆವೃತ್ತಿಯನ್ನು ಕಾಯ್ದುಕೊಂಡಿದ್ದರೆ ಉಳಿದವರು ಆತುರದಲ್ಲಿ ಇಡೀ ಸರ್ವರ್ ಬದಲಿಸಬೇಕಾಗುತ್ತಿತ್ತು.

ಬದಲಿಸುವುದು ಸಲೀಸಲ್ಲ. ಪತ್ರಪೆಟ್ಟಿಗೆಗಳನ್ನು ನೋಡಿಕೊಳ್ಳುವ ಡವ್‌ಕಾಟ್ ತಂತ್ರಾಂಶದ 2.4 ಆವೃತ್ತಿ 2025ರಲ್ಲಿ ಬಂದಾಗ, 2.3ರ ಸೆಟ್ಟಿಂಗ್ ಕಡತಗಳನ್ನು ಅದು ಹಾಗೆಯೇ ಒಪ್ಪಲಿಲ್ಲ. ಅದೇ ವರ್ಷ ಡೆಬಿಯನ್ 13ಕ್ಕೆ ಏರಿದವರು ಅವನ್ನು ಹೊಸದಾಗಿ ಬರೆಯಬೇಕಾಯಿತು. ಹಳೆಯದನ್ನು ಪಕ್ಕದಲ್ಲಿಟ್ಟು ನಿಧಾನವಾಗಿ ದಾಟೋಣವೆಂದರೆ ಇನ್ನೊಂದು ತೊಡಕು: ಹೊರಗಿನ ಪತ್ರ ಬರುವುದು 25ನೇ ಪೋರ್ಟ್‌ಗೆ, ಒಂದು ವಿಳಾಸದ ಆ ಬಾಗಿಲಲ್ಲಿ ಒಂದೇ ಮೇಲ್ ಸರ್ವರ್ ನಿಲ್ಲಬಲ್ಲದು. ಡೆಬಿಯನ್‌ನಲ್ಲಂತೂ ಪೋಸ್ಟ್‌ಫಿಕ್ಸ್ ಹಾಕಿದರೆ ಎಕ್ಸಿಮ್ ಎಂಬ ಇನ್ನೊಂದು ಮೇಲ್ ಸರ್ವರ್ ಹೊರಹೋಗುತ್ತದೆ.

ಹಳೆಯದನ್ನು ಕಾಯುವ ಈ ಶ್ರಮ ಇಮೇಲನ್ನು ಸುರಕ್ಷಿತವಾಗಿ ಉಳಿಸಿದೆ. ಅದೇ ಹೊತ್ತಿಗೆ ಕನ್ನಡ ವಿಳಾಸದ ದಾರಿಯನ್ನು ವರ್ಷಗಟ್ಟಲೆ ಉದ್ದ ಮಾಡಿದೆ. ಬೆಂಬಲ ಮುಗಿದ ಸೆಂಟ್‌ಒಎಸ್ 7 ಇನ್ನೂ ನಡೆಯುತ್ತಿರುವಲ್ಲಿ ಸುರಕ್ಷತೆಯೂ ಇಲ್ಲ, ಕನ್ನಡವೂ ಇಲ್ಲ. ಕರ್ನಾಟಕದ ಕಚೇರಿ, ಕಾಲೇಜು, ಸಹಕಾರ ಸಂಘಗಳು ತಮ್ಮ ಸರ್ವರ್ ನೋಡಿಕೊಳ್ಳುವವರನ್ನು ಎರಡು ಪ್ರಶ್ನೆ ಕೇಳಬೇಕು: ನಮ್ಮದು ಬೆಂಬಲವಿರುವ ಆವೃತ್ತಿಯೇ? ಅದರಲ್ಲಿ ಕನ್ನಡ ವಿಳಾಸ ಒಪ್ಪುವ ಸೆಟ್ಟಿಂಗ್ ಚಾಲೂ ಆಗಿದೆಯೇ? ಹೊಸ ಪೋಸ್ಟ್‌ಫಿಕ್ಸ್‌ನಲ್ಲೂ ಹಳೆಯ ಸೆಟ್ಟಿಂಗ್ ಕಡತವನ್ನೇ ಮುಂದುವರಿಸಿದ್ದರೆ ಅದು ಬಂದ್ ಆಗಿಯೇ ಇರಬಹುದು.