ಮೊದಲ ಸಾಕುಹಲ್ಲಿ ಯಾವುದು?

ಪಾರಿವಾಳ, ಮೊಲ, ಬಣ್ಣದ ಮೀನು ಇವುಗಳನ್ನು ಸಾಕುವ ಹವ್ಯಾಸ ನಮಗೆ ಹೊಸದಲ್ಲ. ಹಲ್ಲಿಯನ್ನು ಸಾಕುತ್ತೇನೆಂದರೆ ಮಾತ್ರ ಮನೆಯ ಹಿರಿಯರು ಹುಬ್ಬೇರಿಸುತ್ತಾರೆ. ಹಲ್ಲಿ ಮೈಮೇಲೆ ಬಿದ್ದರೆ ಸ್ನಾನ ಮಾಡಿ, ಪಂಚಾಂಗ ತೆರೆದು ಫಲ ನೋಡುವ ಜನ ನಾವು. ಆಡುತ್ತಿದ್ದ ಮಾತಿನ ನಡುವೆ ಅದು ಲೊಚಗುಟ್ಟಿದರೆ ‘ಕೃಷ್ಣ ಕೃಷ್ಣ’ ಎಂದು ನೆಲ ತಟ್ಟುವವರೂ ಉಂಟು. ಆದರೆ ಕಾಲ ಬದಲಾಗಿದೆ. ಪರದೇಶದ ಹುಡುಗರು ಅಂಗೈಮೇಲೆ ಚುಕ್ಕೆಯ ಹಲ್ಲಿಯನ್ನು ಆಡಿಸುವುದನ್ನು ನಮ್ಮ ಮಕ್ಕಳು ಮೊಬೈಲಿನಲ್ಲಿ ನೋಡುತ್ತಾರೆ. ನಮಗೂ ಒಂದು ಬೇಕೆಂದು ಹಟ ಹಿಡಿಯುತ್ತಾರೆ. ‘ಛೀ, ಹಲ್ಲಿಯೇ!’ ಎಂದು ಗದರಿಸಿ ಕಳಿಸುವುದು ಸುಲಭ. ಆದರೆ ಹುಡುಗನ ಕುತೂಹಲ ಒಳ್ಳೆಯದು. ಅದಕ್ಕೆ ಸರಿಯಾದ ಉತ್ತರ ಕೊಡುವುದು ಹಿರಿಯರ ಕೆಲಸ.

ಮೊದಲು ಹಲ್ಲಿ ಎಂದರೆ ಯಾವುದೆಂದು ತಿಳಿಯಬೇಕು. ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತ ಹಲ್ಲಿಯಲ್ಲ. ಹಿತ್ತಿಲಿನಲ್ಲಿ ಮಿರಿಮಿರಿ ಮಿಂಚಿ ಹರಿಯುವ ಹಾವರಾಣಿಯೂ ಅಲ್ಲ. ಅವು ಬೇರೆ ಬೇರೆ ಕುಲದವು. ಹಲ್ಲಿಗಳಿಗೆ ಇಂಗ್ಲಿಷಿನಲ್ಲಿ ‘ಗೆಕೊ’ ಎಂದು ಹೆಸರು. ಹೆಚ್ಚಿನವು ರಾತ್ರಿಯ ಜೀವಿಗಳು. ಗೋಡೆಯ ಹಲ್ಲಿಗೆ ರೆಪ್ಪೆ ಮುಚ್ಚಿ ತೆರೆಯಲು ಬಾರದು. ಕಣ್ಣಿಗೆ ಧೂಳು ಬಿದ್ದರೆ ನಾಲಗೆಯಿಂದಲೇ ಒರೆಸಿಕೊಳ್ಳುತ್ತದೆ. ಅದು ಗೋಡೆಗೆ ಅಂಟಿ ನಡೆಯುವುದು ಅಂಟಿನ ಬಲದಿಂದಲ್ಲ. ಬೆರಳಡಿಯ ಪಟ್ಟಿಗಳಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರೋಮಗಳಿವೆ. ಟೊಕೇ ಎಂಬ ದೊಡ್ಡ ಹಲ್ಲಿಯ ಒಂದೊಂದು ಪಾದದಲ್ಲಿ ಇಂಥವು ಸುಮಾರು 5 ಲಕ್ಷ ಇರುತ್ತವೆ. ರೋಮದ ತುದಿಗೂ ಗೋಡೆಗೂ ನಡುವೆ ಹುಟ್ಟುವ ಅಣುಗಳ ಆಕರ್ಷಣೆಯೇ ಹಲ್ಲಿಯ ಭಾರವನ್ನು ಹೊರುತ್ತದೆಂದು ಅಮೆರಿಕದ ವಿಜ್ಞಾನಿಗಳು 2002ರಲ್ಲಿ ತೋರಿಸಿಕೊಟ್ಟರು.

ಇನ್ನು ಆಯ್ಕೆಯ ಮಾತು. ಸಾಕುವವರ ನಡುವೆ ಹೆಚ್ಚಾಗಿ ಕೇಳಿಬರುವ ಹೆಸರುಗಳು ಮೂರು: ಚಿರತೆ ಹಲ್ಲಿ, ಜುಟ್ಟಿನ ಹಲ್ಲಿ, ಟೊಕೇ ಹಲ್ಲಿ. ಯಾವುದನ್ನು ಆರಿಸುವುದಾದರೂ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಈ ಜೀವಿ ಎಲ್ಲಿ ಹುಟ್ಟಿತು? ನಮ್ಮೂರ ಹವೆ ಅದಕ್ಕೆ ಒಗ್ಗುತ್ತದೆಯೇ? ಅದು ಬದುಕುವಷ್ಟು ಕಾಲ ನೋಡಿಕೊಳ್ಳುವವರು ಯಾರು?

ಚಿರತೆ ಹಲ್ಲಿಯೆಂದರೆ ಅಂಗಡಿಯವರ ‘ಲೆಪರ್ಡ್ ಗೆಕೊ’. ಅಫಘಾನಿಸ್ತಾನ, ಪಾಕಿಸ್ತಾನಗಳ ಒಣನೆಲ ಇದರ ತವರು. ಒಂದು ಗೇಣಿನಷ್ಟು ಉದ್ದ, ಹಳದಿ ಮೈಮೇಲೆ ಕಪ್ಪು ಚುಕ್ಕೆ. ಇದಕ್ಕೆ ರೆಪ್ಪೆಯುಂಟು; ಗೋಡೆ ಹತ್ತುವ ಅಂಗಾಲಿಲ್ಲ. ಸ್ವಭಾವ ಸೌಮ್ಯ. ಅಮೆರಿಕ, ಯೂರೋಪುಗಳಲ್ಲಿ ಪೆಟ್ಟಿಗೆಯಲ್ಲೇ ಮರಿಮಾಡಿಸಿ ತಲೆಮಾರುಗಳು ಕಳೆದಿವೆ. ಅಲ್ಲಿ ಹೊಸಬರಿಗೆ ಮೊದಲು ಹೇಳುವುದು ಇದನ್ನೇ. ಆದರೆ ಖರ್ಚು ಕೊಂಡ ದಿನಕ್ಕೆ ಮುಗಿಯುವುದಿಲ್ಲ. ಪೆಟ್ಟಿಗೆಯ ಒಂದು ಬದಿ ಸುಮಾರು 32 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು, ಇನ್ನೊಂದು ಬದಿ ತಂಪಾಗಿರಬೇಕು. ತಿನ್ನಲು ಜೀವಂತ ಹುಳುಗಳೇ ಬೇಕು. ಅವುಗಳಿಗೆ ಸುಣ್ಣಾಂಶದ ಪುಡಿ ಹಚ್ಚಿ ಕೊಡದಿದ್ದರೆ ಹಲ್ಲಿಯ ಎಲುಬು ಮೆತ್ತಗಾಗಿ ಬಾಗುತ್ತದೆ. ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬಾಳುತ್ತದೆ. ಐದನೆಯ ಇಯತ್ತೆಯ ಹುಡುಗ ತಂದ ಹಲ್ಲಿ, ಅವನು ಕಾಲೇಜು ಮುಗಿಸಿ ನೌಕರಿಗೆ ಹೋದ ಮೇಲೂ ತಾಯಿಯ ಪಾಲಿಗೆ ಉಳಿದಿರುತ್ತದೆ! ಇನ್ನೊಂದು ಎಚ್ಚರಿಕೆ: ಇದರ ದಾಯಾದಿಗಳು ಮಹಾರಾಷ್ಟ್ರ, ಗುಜರಾತುಗಳ ಕುರುಚಲು ಕಾಡಿನಲ್ಲಿವೆ. ನೋಡಲು ಬಹಳ ವ್ಯತ್ಯಾಸವಿಲ್ಲ. ಕಾಡಿನಿಂದ ಹಿಡಿದುದನ್ನು ‘ಸಾಕಿ ಬೆಳೆಸಿದ್ದು’ ಎಂದು ಮಾರಿದರೆ ಕೊಳ್ಳುವವನಿಗೆ ತಿಳಿಯುವುದು ಕಷ್ಟ.

ಜುಟ್ಟಿನ ಹಲ್ಲಿಯ ಕಥೆ ಸೊಗಸಾಗಿದೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪ ಅದರ ನೆಲೆ. ನಿರ್ನಾಮವಾಯಿತೆಂದೇ ಎಣಿಸಿದ್ದ ಈ ಜೀವಿ 1994ರಲ್ಲಿ ಮತ್ತೆ ಕಣ್ಣಿಗೆ ಬಿತ್ತು. ಹಣ್ಣಿನ ಹಿಟ್ಟು ತಿಂದೂ ಬದುಕುತ್ತದೆ. ಬಾಲ ಕಳೆದುಕೊಂಡರೆ ಮಾತ್ರ ಮರಳಿ ಬೆಳೆಯದು. ಆದರೆ ಅದಕ್ಕೆ ತಂಪು ಬೇಕು. 28 ಡಿಗ್ರಿ ದಾಟಿದರೆ ಬಳಲತೊಡಗುತ್ತದೆ. ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯಂಥ ಊರಿನಲ್ಲಿ ಏಪ್ರಿಲ್ ಬಿಸಿಲು ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ. ವಿದ್ಯುತ್ತು ಹೋದ ಒಂದು ಮಧ್ಯಾಹ್ನ ಸಾಕು, ಆ ಬಡಜೀವಕ್ಕೆ.

ಟೊಕೇ ಹಲ್ಲಿಯನ್ನಂತೂ ಮನೆಗೆ ತರಲೇಬಾರದು. ನಮ್ಮ ದೇಶದ ಈಶಾನ್ಯ ರಾಜ್ಯಗಳಲ್ಲೂ ಇರುವ ಇದು ಒಂದಡಿಗೂ ಮೀರಿ ಬೆಳೆಯುತ್ತದೆ. ತನ್ನ ಹೆಸರನ್ನೇ ಕೂಗುತ್ತದೆ. ಕಚ್ಚಿದರೆ ಬೇಗ ಬಿಡುವುದಿಲ್ಲ. ಏಡ್ಸ್ ರೋಗಕ್ಕೆ ಇದು ಔಷಧಿಯೆಂಬ ಸುಳ್ಳು ಸುದ್ದಿ ಹಬ್ಬಿ, ಲಕ್ಷಗಟ್ಟಲೆ ರೂಪಾಯಿ ಸಿಗುತ್ತದೆಂಬ ಆಸೆಯಿಂದ ಜನ ಇದನ್ನು ಹಿಡಿದು ಜೈಲು ಸೇರಿದ್ದಾರೆ. 2019ರಲ್ಲಿ ಇದರ ವ್ಯಾಪಾರವನ್ನು ಅಂತರರಾಷ್ಟ್ರೀಯ ಒಪ್ಪಂದದ ಅಂಕೆಗೆ ಒಳಪಡಿಸಲಾಯಿತು.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವ ನಮ್ಮ ನಾಡಿನ ಪ್ರಾಣಿಯನ್ನು ಹಿಡಿದು ಸಾಕುವುದು ಅಪರಾಧ. ಆ ಒಪ್ಪಂದದ ಪಟ್ಟಿಯಲ್ಲಿರುವ ಪರದೇಶದ ಪ್ರಾಣಿ ಮನೆಯಲ್ಲಿದ್ದರೆ 2024ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಾಯಿಸಬೇಕು. ಆದುದರಿಂದ ಹಣ ಎಣಿಸುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿರಿ. ಹುಟ್ಟಿನ ದಾಖಲೆ ತೋರಿಸದ ಅಂಗಡಿಯಿಂದ ಕೊಳ್ಳಲೇಬೇಡಿರಿ.

ಹಾಗಾದರೆ ಹುಡುಗನಿಗೆ ಏನು ಹೇಳುವುದು? ಮೂರು ಪ್ರಶ್ನೆಗಳಿಗೂ ಸರಿಯಾದ ಉತ್ತರ ಕೊಡುವ ಹಲ್ಲಿ ಒಂದುಂಟು. ಅದು ದೀಪದ ಬದಿಯ ಗೋಡೆಯ ಮೇಲೇ ಇದೆ. ಹುಟ್ಟಿದ್ದು ಇಲ್ಲೇ, ಹವೆ ಒಗ್ಗಿದ್ದೇ, ಊಟದ ಖರ್ಚು ನಮ್ಮದಲ್ಲ.

ಇದರಲ್ಲೂ ಆರಿಸಿಕೊಳ್ಳಲು ಬಗೆಗಳಿವೆ. ‘ಚಿಕ್ ಚಿಕ್’ ಎಂದು ಬಿಟ್ಟುಬಿಟ್ಟು ನುಡಿಯುವ ನುಣುಪು ಮೈಯ ಮಾಸಲು ಹಲ್ಲಿ ಒಂದು. ಹಡಗುಗಳನ್ನೇರಿ ಪ್ರಪಂಚದ ಬಿಸಿನಾಡುಗಳನ್ನೆಲ್ಲ ಸುತ್ತಿದ ಪ್ರವಾಸಿ ಇದು. ಮೈತುಂಬ ಕಪ್ಪು ಮಚ್ಚೆ, ಬೆನ್ನಮೇಲೆ ಸಾಲುಸಾಲಾಗಿ ಸಣ್ಣ ಗುಳ್ಳೆಗಳಿರುವುದು ಇನ್ನೊಂದು. ಗೋಡೆಯ ಬುಡದಲ್ಲಿ, ಕಲ್ಲಿನ ಸಂದಿಯಲ್ಲಿ ಇದರ ವಾಸ. ಹುಣಸೆ, ಬೇವಿನ ಮರಗಳ ತೊಗಟೆಗೆ ತೊಗಟೆಯಂತೆಯೇ ಒರಗಿರುವ ದಪ್ಪ ಹಲ್ಲಿ ಮೂರನೆಯದು. ಪಶ್ಚಿಮಕ್ಕೆ ಘಟ್ಟದ ಕಡೆ ಹೋದರೆ ಮತ್ತೊಂದು ಸಿಕ್ಕೀತು: ಜೋಗದ ಆಸುಪಾಸಿನಿಂದ 1935ರಲ್ಲಿ ಮಾಲ್ಕಮ್ ಸ್ಮಿತ್ ಎಂಬ ಪಂಡಿತರು ಮೊದಲಿಗೆ ವರ್ಣಿಸಿದ ‘ಪ್ರಶಾದಿ’ ಹಲ್ಲಿ.

ಇವನ್ನು ಸಾಕಲು ಪೆಟ್ಟಿಗೆ ಬೇಡ. ಒಂದು ವಹಿಯೂ ಸೀಸಕಡ್ಡಿಯೂ ಸಾಕು. ದೀಪ ಹಚ್ಚಿದ ಎಷ್ಟು ಹೊತ್ತಿಗೆ ಹಲ್ಲಿ ಹೊರಬಂತು? ಒಂದು ತಾಸಿನಲ್ಲಿ ಎಷ್ಟು ಹುಳು ಹಿಡಿಯಿತು? ಬಾಲ ಕಳೆದುಕೊಂಡಿದ್ದರೆ ಹೊಸದು ಎಷ್ಟು ದಿನಕ್ಕೆ ಬೆಳೆಯಿತು? ಫೋಟೋದ ಹಿಂದೆ ಎರಡು ಬಿಳಿಯ ತತ್ತಿ ಕಂಡರೆ ಮುಟ್ಟದೆ ತಾರೀಖು ಬರೆದಿಡಲಿ. ಸುಮಾರು ಒಂದೂವರೆ, ಎರಡು ತಿಂಗಳಿಗೆ ಮರಿ ಹೊರಬರುತ್ತದೆ. ನಾವು ಮಾಡಬೇಕಾದುದು ಇಷ್ಟೇ: ಗೋಡೆಗೆಲ್ಲ ಕೀಟನಾಶಕ ಸಿಂಪಡಿಸದಿರುವುದು, ಬಾಗಿಲು ಮುಚ್ಚುವಾಗ ಸಂದಿಯತ್ತ ಒಂದು ಕಣ್ಣಿಡುವುದು.

ಮನೆಯ ಹಲ್ಲಿ ವಿಷಜಂತುವಲ್ಲ. ವಿಷ ಮಾಡುವ ಗ್ರಂಥಿಯೇ ಅದಕ್ಕಿಲ್ಲ. ಆದರೆ ಅದರ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಆದುದರಿಂದ ಅಡಿಗೆಯ ಪಾತ್ರೆ ಮುಚ್ಚಿರಬೇಕು. ಹಲ್ಲಿ ಬಿದ್ದ ಸಾರನ್ನು ಚೆಲ್ಲಬೇಕು. ಯಾವ ಹಲ್ಲಿಯನ್ನು ಮುಟ್ಟಿದರೂ ಸಾಬೂನಿನಿಂದ ಕೈ ತೊಳೆಯಬೇಕು. 5 ವರ್ಷದೊಳಗಿನ ಕೂಸುಗಳಿರುವ ಮನೆಗೆ ಪೆಟ್ಟಿಗೆಯ ಹಲ್ಲಿ ಬೇಡವೆಂದೇ ವೈದ್ಯರ ಸಲಹೆ.

ಹಿರೇಬೆಂಡಿಗೇರಿಯ ತಾಲೂಕಿನಲ್ಲೇ ಇರುವ ಬಂಕಾಪುರದ ಕೋಟೆಯಲ್ಲಿ ನವಿಲುಗಳಿವೆ. ಅವುಗಳಿಗೆ ಪಂಜರವಿಲ್ಲ; ಇರಲು ಜಾಗ ಬಿಟ್ಟುಕೊಟ್ಟದ್ದೇ ಸಾಕಣೆಯಾಗಿದೆ. ಗೋಡೆಯ ಹಲ್ಲಿಗೂ ಅದೇ ನ್ಯಾಯ. ಒಂದು ವರ್ಷ ಬೇಸರವಿಲ್ಲದೆ ಅದನ್ನು ನೋಡಿ ಬರೆದಿಟ್ಟ ಹುಡುಗನಿಗೆ ಚಿರತೆ ಹಲ್ಲಿಯ ಆಸೆ ಆಗಲೂ ಉಳಿದಿದ್ದರೆ, ಅವನೊಡನೆ ಕುಳಿತು ಖರ್ಚು, ಕಾನೂನು, ಇಪ್ಪತ್ತು ವರ್ಷಗಳ ಲೆಕ್ಕವನ್ನು ಹಾಕಿರಿ. ಹುಳು ಹಾಕುವುದನ್ನು ಮರೆಯುವವನೋ ಅಲ್ಲವೋ ಎಂಬುದು ಅಷ್ಟರೊಳಗೆ ಅವನ ವಹಿಯಿಂದಲೇ ತಿಳಿದಿರುತ್ತದೆ.